ದಕ್ಷಿಣ ಸುಡಾನಿನಿಂದ ಮನೆಗೆ ಪತ್ರ ಬರೆಯುವುದು ಹೇಗೆ: ಶಾಂತಿಪಾಲನೆಗೆ ಹೊರಟ ತರುಣ ಸೈನಿಕರಿಗೆ

ಬೆಳಗಾವಿಯ ಮರಾಠಾ ರೆಜಿಮೆಂಟ್ ಸೆಂಟರಿನಲ್ಲೋ ಬೆಂಗಳೂರಿನ ಎಂಇಜಿಯಲ್ಲೋ (ಮದ್ರಾಸ್ ಎಂಜಿನಿಯರ್ ಗ್ರೂಪ್) ತರಬೇತಿ ಮುಗಿಸಿ, ಕೆಲವು ವರ್ಷ ಗಡಿಯಲ್ಲಿ ಕಳೆದು, ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟು ಮೊದಲ ಬಾರಿಗೆ ಹೊರದೇಶಕ್ಕೆ ಹೊರಡುವ ಹುಡುಗನಿಗೆ ಅಲ್ಲಿ ಏನನ್ನು ಬರೆಯಬಾರದು ಎಂಬುದನ್ನು ಸೇನೆ ಸ್ಪಷ್ಟವಾಗಿ ತಿಳಿಸಿರುತ್ತದೆ. ಏನನ್ನು ಬರೆಯಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದರಿಂದಾಗಿ ಬಹಳಷ್ಟು ಪತ್ರಗಳು ‘ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ, ಚಿಂತೆ ಮಾಡಬೇಡಿ’ ಎಂಬಲ್ಲಿಗೆ ಮುಗಿದುಹೋಗುತ್ತವೆ. ಊರಿನಲ್ಲಿ ಇಂಥ ಪತ್ರಗಳನ್ನು ಸೈನಿಕರ ತಾಯಂದಿರಿಗೆ ಓದಿ ಹೇಳಿದ ಅನುಭವ ನನಗಿದೆ. ‘ಚಿಂತೆ ಮಾಡಬೇಡಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಆ ತಾಯಿಯ ಮುಖದಲ್ಲಿ ಚಿಂತೆ ಹುಟ್ಟುವುದನ್ನೂ, ‘ಇವತ್ತು ಊಟಕ್ಕೆ ರಾಜ್ಮಾ ಮಾಡಿದ್ದರು, ನನಗೆ ಸೇರಲಿಲ್ಲ’ ಎಂಬ ಸಾಲು ಬಂದಾಗ ಅದೇ ಮುಖ ಅರಳುವುದನ್ನೂ ಕಂಡಿದ್ದೇನೆ. ದಿನದ ಸಣ್ಣ ಸಂಗತಿಯನ್ನು ಕಣ್ಣಿಗೆ ಕಟ್ಟುವಂತೆ ಬರೆಯುವುದೇ ಮನೆಯವರಿಗೆ ಕೊಡಬಹುದಾದ ನಿಜವಾದ ಧೈರ್ಯ. ಗೋಪ್ಯತೆಯ ನಿಯಮಗಳು ಹೆಚ್ಚು ಬಿಗಿಯಿಲ್ಲದೆ ಬಿಟ್ಟುಕೊಡುವ ಜಾಗವೂ ಅದೇ.

ಹೊರಡುವ ಮುನ್ನ ಮನೆಯಲ್ಲಿ ಹೇಳಬೇಕಾದದ್ದು

ಪತ್ರವ್ಯವಹಾರದ ಅರ್ಧ ಕೆಲಸ ವಿಮಾನ ಹತ್ತುವ ಮೊದಲೇ ಆಗಬೇಕು. ಭಾರತದ ಗಡಿಯಾರಕ್ಕಿಂತ ದಕ್ಷಿಣ ಸುಡಾನಿನ ಗಡಿಯಾರ ಮೂರೂವರೆ ಗಂಟೆ ಹಿಂದಿದೆ ಎಂಬುದನ್ನು ಮನೆಯವರಿಗೆ ವಿವರಿಸಿ ಹೇಳಿ. ಅಲ್ಲಿ ರಾತ್ರಿ ಏಳಕ್ಕೆ ನೀವು ಡ್ಯೂಟಿ ಮುಗಿಸಿ ಫೋನ್ ಕೈಗೆತ್ತಿಕೊಂಡರೆ ಇಲ್ಲಿ ಹತ್ತೂವರೆ ಆಗಿ ಮನೆ ಮಲಗಿರುತ್ತದೆ. ಅಲ್ಲಿನ ಮಧ್ಯಾಹ್ನದ ಊಟದ ಬಿಡುವು ಇಲ್ಲಿನ ಸಂಜೆಯ ನಾಲ್ಕೂವರೆಯ ಸುಮಾರಿಗೆ ಬರುತ್ತದೆಯಾದ್ದರಿಂದ, ಹಾಲು ಕರೆಯುವುದಕ್ಕೆ ಮೊದಲಿನ ಆ ಹೊತ್ತು ಮಾತಿಗೆ ಹೆಚ್ಚು ಅನುಕೂಲ.

ಎರಡನೆಯ ಮಾತು ಇದಕ್ಕಿಂತ ಮುಖ್ಯವಾದದ್ದು. ನೆಟ್‌ವರ್ಕ್ ಇಲ್ಲದಿರುವುದರಿಂದಲೋ, ಶಿಬಿರದಲ್ಲಿ ಫೋನ್ ಬಳಕೆಯನ್ನು ನಿಲ್ಲಿಸಿರುವುದರಿಂದಲೋ ಕೆಲವು ದಿನ ಸುದ್ದಿಯೇ ಬರದಿರಬಹುದು ಎಂದು ಮೊದಲೇ ತಿಳಿಸಿರಬೇಕು. ಏನಾದರೂ ಅವಘಡವಾಗಿದ್ದರೆ ಅದನ್ನು ಮನೆಗೆ ತಿಳಿಸುವುದು ಸೇನೆಯ ಹೊಣೆ. ಟಿವಿಯ ಕೆಳಗೆ ಓಡುವ ಸಾಲುಗಳನ್ನಾಗಲಿ, ವಾಟ್ಸ್‌ಆ್ಯಪಿನಲ್ಲಿ ಸುತ್ತುವ ಸಂದೇಶವನ್ನಾಗಲಿ ನಂಬಬೇಕಾಗಿಲ್ಲ ಎಂಬುದು ತಾಯಿ ತಂದೆಯರಿಗೆ ಮನವರಿಕೆಯಾಗಿದ್ದರೆ ಮೌನದ ದಿನಗಳು ಅಷ್ಟು ಭಾರವಾಗುವುದಿಲ್ಲ.

ಬರೆಯುವ ವಸ್ತು ಎಲ್ಲಿದೆ

ಬಯಲುಸೀಮೆಯ ರೈತ ಮನೆಯಿಂದ ಹೋದವನಿಗೆ ದಕ್ಷಿಣ ಸುಡಾನ್ ತೀರ ಅಪರಿಚಿತ ನಾಡಲ್ಲ. ಬಿಳಿ ನೈಲ್ ನದಿಯ ದಂಡೆಯ ಮಲಕಾಲ್ ಪಟ್ಟಣದ ಸುತ್ತಮುತ್ತ ಇರುವುದು ಕಪ್ಪು ಜಿಗುಟು ಮಣ್ಣು. ವಿಜಯಪುರ, ಗದಗ ಕಡೆಯ ಎರೆಭೂಮಿಯ ಜಾತಿಯದೇ. ಮಳೆಗಾಲದಲ್ಲಿ ರಸ್ತೆಗಳು ಕೆಸರಾಗಿ ಭಾರಿ ವಾಹನಗಳು ಹೂತುಹೋಗುತ್ತವೆ. ಎಷ್ಟೋ ಕಡೆಗೆ ಹೆಲಿಕಾಪ್ಟರ್ ಇಲ್ಲವೆ ನದಿಯ ದೋಣಿಯೇ ಗತಿ. ಬೇಸಿಗೆಯಲ್ಲಿ ಅದೇ ನೆಲ ಬಾಯಿಬಿಟ್ಟು ಬಿರಿಯುತ್ತದೆ. ಜನರ ಮುಖ್ಯ ಧಾನ್ಯ ಜೋಳ. ಡಿಂಕಾ ಮತ್ತು ನುಯೆರ್ ಜನರ ಬಾಳೆಲ್ಲ ದನಗಳ ಸುತ್ತ ಕಟ್ಟಿಕೊಂಡಿದೆ: ಮದುವೆಯ ತೆರವನ್ನು ಹಸುಗಳಲ್ಲಿ ಕೊಡುತ್ತಾರೆ, ಉದ್ದ ಕೊಂಬಿನ ಎತ್ತುಗಳ ಮೇಲೆ ಹಾಡು ಕಟ್ಟುತ್ತಾರೆ, ಸಗಣಿಯ ಹೊಗೆ ಹಾಕಿ ಸೊಳ್ಳೆ ಓಡಿಸುತ್ತಾರೆ, ಅದರ ಬೂದಿಯನ್ನು ಮೈಗೆ ಬಳಿದುಕೊಳ್ಳುತ್ತಾರೆ. ಭಾರತೀಯ ತುಕಡಿಯ ಪಶುವೈದ್ಯರು ಅಲ್ಲಿನ ರಾಸುಗಳಿಗೆ ಚಿಕಿತ್ಸೆ ನೀಡುತ್ತ ಬಂದಿದ್ದಾರೆ. ದನದ ಕೊಟ್ಟಿಗೆಯಲ್ಲೇ ಬೆಳಗು ಮಾಡುವ ಅಪ್ಪನಿಗೆ ಇದಕ್ಕಿಂತ ಹತ್ತಿರದ ಸುದ್ದಿ ಇನ್ನೊಂದಿಲ್ಲ. ಮಗನ ಬಗ್ಗೆ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳದ ತಂದೆ ಆ ಎತ್ತುಗಳ ಕೊಂಬಿನ ಅಳತೆಯನ್ನು ಕೇಳಿ ಬರೆಸುತ್ತಾರೆ. ಆ ಪ್ರಶ್ನೆಯೇ ಅವರ ಅಕ್ಕರೆ ಎಂದು ತಿಳಿದು ವಿವರವಾಗಿ ಉತ್ತರಿಸಿ.

ದಿನಚರಿಯನ್ನು ಬರೆಯುವಾಗ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಓಟದಲ್ಲಿ ಹೇಳಿ ಮುಗಿಸುವ ಬದಲು ಒಂದು ಪತ್ರಕ್ಕೆ ಒಂದು ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು. ಒಮ್ಮೆ ಲಂಗರದ, ಅಂದರೆ ಸೈನಿಕರ ಅಡುಗೆಮನೆಯ, ಸುದ್ದಿ ಇರಲಿ: ಅಡುಗೆಯವರು ಯಾವ ಊರಿನವರು, ಎಲ್ಲರೂ ಕೂಡಿ ಉಣ್ಣುವ ಬಡಾಖಾನಾದ ದಿನ ಏನು ಮಾಡಿದ್ದರು, ಹಬ್ಬಕ್ಕೆ ಸಿಹಿ ಸಿಕ್ಕಿತೇ. ಇನ್ನೊಮ್ಮೆ ಮಲಗುವ ಜಾಗ: ಕಂಟೇನರಿನ ಕೋಣೆ, ಸೊಳ್ಳೆಪರದೆ, ಪಕ್ಕದ ಮಂಚದ ಗೆಳೆಯ. ಮಲೇರಿಯಾದ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ ಎಂಬ ಒಂದು ವಾಕ್ಯ ‘ಆರೋಗ್ಯ ಚೆನ್ನಾಗಿದೆ’ ಎಂಬ ಹತ್ತು ವಾಕ್ಯಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ತೊಂಬತ್ತು ದಿನಗಳ ಸೇವೆಯ ಬಳಿಕ ದೊರೆಯುವ ವಿಶ್ವಸಂಸ್ಥೆಯ ಪದಕಕ್ಕಾಗಿ ನಡೆಯುವ ಪೆರೇಡಿನ ಬಗ್ಗೆ ಮಾತ್ರ ಸಂಕೋಚ ಬಿಟ್ಟು ದೀರ್ಘವಾಗಿ ಬರೆಯಿರಿ. ಆ ಪತ್ರವನ್ನು ಮನೆಯವರು ಬೀಗರ ಮುಂದೆಯೂ ಓದಿಸುತ್ತಾರೆ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಆರಂಭದ ‘ತೀರ್ಥರೂಪ ಅಪ್ಪನವರ ಪಾದಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು’ ಎಂಬ ಸಾಲು ಹಿರಿಯರಿಗೆ ಸಲ್ಲಬೇಕಾದ ಗೌರವ, ಅದನ್ನು ಬಿಡಬೇಡಿ. ಅದು ಮುಗಿದ ಮೇಲೆ ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಬಾಗಲಕೋಟೆ ಕಡೆಯ ಹುಡುಗನೊಬ್ಬ ಹೀಗೆ ಬರೆಯಬಹುದು:

‘ಅವ್ವಾ, ಇಲ್ಲಿಯ ನೆಲಾನೂ ನಮ್ಮ ಹೊಲದಂಗ ಕರಿ ಎರಿನ ಐತಿ. ನಿನ್ನೆ ಮಳಿ ಆತು, ಬೂಟಿಗೆ ಹತ್ತಿದ ಮಣ್ಣು ಕಟಗಿ ತಗೊಂಡು ಕೆರದರೂ ಬಿಡಲಿಲ್ಲ. ಇಲ್ಲಿ ಹೆಣ್ಮಕ್ಕಳೂ ಜೋಳಾನ ಬೀಸತಾರ, ಆದ್ರ ನಿನ್ನಂಗ ರೊಟ್ಟಿ ಬಡಿಯೂದಿಲ್ಲ. ಹಿಟ್ಟು ಹುಳಿ ಬರಿಸಿ ಹಂಚಿನ ಮ್ಯಾಲ ತೆಳ್ಳಗ ಹರವಿ ಕಿಸ್ರಾ ಅಂತ ಮಾಡತಾರ. ನಮ್ಮ ಲಂಗರದಾಗ ದಿನಾ ಚಪಾತಿ, ದಾಲ್, ಅನ್ನ. ನೀ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಐತಿ, ಐತವಾರಕ್ಕೊಮ್ಮೆ ಅಷ್ಟ ತಗೀತೀನಿ. ಹಿಂಗಾರಿ ಜೋಳ ಬಿತ್ತಿದ್ರೇನು? ಅಪ್ಪನ ಮೊಣಕಾಲ ನೋವು ಹ್ಯಾಂಗ ಐತಿ?’

ಇದರಲ್ಲಿ ಶಿಬಿರದ ಗುರುತಿಲ್ಲ, ಸಂಖ್ಯೆಯಿಲ್ಲ, ಗಸ್ತಿನ ಮಾತಿಲ್ಲ. ಆದರೂ ಮಗ ಎಲ್ಲಿ ಕಾಲಿಟ್ಟು ನಡೆಯುತ್ತಿದ್ದಾನೆ, ಏನು ಉಣ್ಣುತ್ತಿದ್ದಾನೆ ಎಂಬುದು ತಾಯಿಗೆ ಕಾಣುತ್ತದೆ. ಕೊನೆಯ ಎರಡು ಪ್ರಶ್ನೆಗಳನ್ನು ಗಮನಿಸಿ. ಏನು ಕೇಳಬೇಕೋ ಅದನ್ನು ಹೆಸರು ಹಿಡಿದು ಕೇಳಿದರೆ ಮಾತ್ರ ಆ ಕಡೆಯಿಂದ ವಿವರವಾದ ಉತ್ತರ ಬರುತ್ತದೆ. ‘ಊರಿನಲ್ಲಿ ಎಲ್ಲರೂ ಹೇಗಿದ್ದಾರೆ’ ಎಂದು ಕೇಳಿದರೆ ‘ಎಲ್ಲರೂ ಆರಾಮ’ ಎಂದಷ್ಟೇ ಬರುತ್ತದೆ.

ಪತ್ರವನ್ನು ಮನೆಮಂದಿಯೆಲ್ಲ ಕೂತು ಕೇಳುತ್ತಾರೆ, ಕೆಲವೊಮ್ಮೆ ನೆರೆಹೊರೆಯವರೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಆದ್ದರಿಂದ ಹೆಂಡತಿಗೆ ಬರೆಯುವುದನ್ನು ಬೇರೆ ಹಾಳೆಯಲ್ಲಿ ಬರೆದು, ಬೇರೆ ಲಕೋಟೆಯಲ್ಲಿಟ್ಟು, ಮೇಲೆ ಅವರ ಹೆಸರು ಬರೆಯಿರಿ. ತುಂಬಿದ ಮನೆಯಲ್ಲಿ ಹೊಸದಾಗಿ ಬಂದ ಹೆಣ್ಣುಮಗಳಿಗೆ ತನ್ನದೇ ಆದ ಒಂದು ಪತ್ರ ಬರುವುದು ಎಷ್ಟು ದೊಡ್ಡ ಆಸರೆ ಎಂಬುದನ್ನು ಗಂಡಸರು ಅನೇಕ ವೇಳೆ ಊಹಿಸುವುದಿಲ್ಲ. ಓದು ಬಾರದ ಅಜ್ಜಿಗಾದರೆ ಬರೆದದ್ದನ್ನು ನೀವೇ ನಿಧಾನವಾಗಿ ಓದಿ, ಧ್ವನಿ ಸಂದೇಶವಾಗಿ ಕಳಿಸಬಹುದು.

ಬರೆಯಬಾರದ್ದು

ಶಿಬಿರ ಇರುವ ನಿಖರ ಸ್ಥಳ, ಜನರ ಮತ್ತು ವಾಹನಗಳ ಸಂಖ್ಯೆ, ಗಸ್ತಿನ ದಾರಿ ಮತ್ತು ಹೊತ್ತು, ಕಾವಲು ಬದಲಾಗುವ ಸಮಯ, ಅಧಿಕಾರಿಗಳ ಹೆಸರು ಮತ್ತು ಓಡಾಟ, ಮುಂದಿನ ಸ್ಥಳಾಂತರ: ಇವು ಕಾಗದದಲ್ಲೂ ಇರಬಾರದು, ಫೋನಿನಲ್ಲೂ ಬರಬಾರದು. ಸೇನೆಯ ಅಂಚೆಯ ಮೂಲಕ ಬರುವ ಪತ್ರಗಳಿಗೆ ಮನೆಯವರು ನಿಮ್ಮ ನಂಬರು, ದರ್ಜೆ, ಹೆಸರು, ಘಟಕ ಮತ್ತು ಎಪಿಒ (ಸೇನಾ ಅಂಚೆ ಕಚೇರಿ) ಸಂಖ್ಯೆಯನ್ನಷ್ಟೇ ಬರೆಯಬೇಕು. ಆ ವಿಳಾಸದಲ್ಲಿ ಊರಿನ ಹೆಸರೇ ಇಲ್ಲದಿರುವುದಕ್ಕೆ ಕಾರಣವಿದೆ. ಮನೆಯವರು ಒಳ್ಳೆಯ ಮನಸ್ಸಿನಿಂದ ಊರಿನ ಹೆಸರನ್ನು ಸೇರಿಸದಂತೆ ತಿಳಿಸಿ ಹೇಳಿ.

ಗುಟ್ಟಿನ ಮಾತುಗಳಲ್ಲಿ ಬರೆದರೆ ಯಾರಿಗೂ ತಿಳಿಯದು ಎಂಬ ಭ್ರಮೆ ಬೇಡ. ಮೊದಲ ಮಹಾಯುದ್ಧದ ಕಾಲಕ್ಕೆ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ತಮ್ಮವರನ್ನು ‘ಕರಿಮೆಣಸು’ ಎಂದೂ ಬ್ರಿಟಿಷ್ ಸೈನಿಕರನ್ನು ‘ಕೆಂಪು ಮೆಣಸು’ ಎಂದೂ ಕರೆದು, ಯಾವ ಮೆಣಸು ಎಷ್ಟು ಖರ್ಚಾಯಿತೆಂದು ಮನೆಗೆ ಬರೆಯುತ್ತಿದ್ದರು. ಸೆನ್ಸಾರ್ ಅಧಿಕಾರಿಗಳು ಅದನ್ನು ಕೂಡಲೇ ಹಿಡಿದರು. ಆ ಪತ್ರಗಳಿಂದ ಅವರು ಅನುವಾದಿಸಿ ಇಟ್ಟುಕೊಂಡ ಭಾಗಗಳೇ ಇಂದು ಆ ಸಿಪಾಯಿಗಳ ಬದುಕಿನ ಬಗ್ಗೆ ನಮಗಿರುವ ಬಹುದೊಡ್ಡ ದಾಖಲೆಯಾಗಿ ಉಳಿದಿವೆ.

ಫೋಟೋಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫೋನಿನ ಕ್ಯಾಮೆರಾ ಚಿತ್ರದ ಒಳಗೇ ಸ್ಥಳದ ಗುರುತನ್ನು ಉಳಿಸುತ್ತದೆಯಾದ್ದರಿಂದ ಲೊಕೇಶನ್ ಆಫ್ ಮಾಡಿಡಿ. ಫೋಟೋ ತೆಗೆಯಲು ಅನುಮತಿ ಇರುವ ಜಾಗದಲ್ಲೂ ಹಿಂಬದಿಯಲ್ಲಿ ಕಾವಲು ಗೋಪುರ, ಆಂಟೆನಾ, ವಾಹನದ ನಂಬರು, ಗೋಡೆಯ ಮೇಲಿನ ನಕ್ಷೆ ಕಾಣದಂತೆ ನೋಡಿಕೊಳ್ಳಿ. 2020ರ ಜುಲೈಯಲ್ಲಿ ಭಾರತೀಯ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸೇರಿದಂತೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ತನ್ನವರಿಗೆ ಆದೇಶಿಸಿತ್ತು. ನೀವು ಪಾಲಿಸಿದ ನಿಯಮವನ್ನು ತಂಗಿಯ ಸ್ಟೇಟಸ್ ಒಂದು ಕ್ಷಣದಲ್ಲಿ ಮುರಿದುಬಿಡಬಹುದು. ‘ಇದು ಮನೆಯವರಿಗಷ್ಟೇ’ ಎಂದು ಪ್ರತಿ ಚಿತ್ರದ ಜೊತೆಗೂ ಬರೆಯಿರಿ. ಹಿಂಸೆಯಿಂದ ತಪ್ಪಿಸಿಕೊಂಡು ವಿಶ್ವಸಂಸ್ಥೆಯ ಆಶ್ರಯದಲ್ಲಿರುವ ಜನರ, ಅದರಲ್ಲೂ ಮಕ್ಕಳ, ಫೋಟೋವನ್ನು ಮನೆಗೆ ಕಳಿಸಲೇಬೇಡಿ. ಅವರ ಬಡತನ ನಮ್ಮ ಮನೆಯ ನೋಟದ ವಸ್ತುವಲ್ಲ.

ಅಪಾಯವನ್ನು ಹೇಗೆ ಹೇಳುವುದು

ಇಲ್ಲಿ ಅಪಾಯವೇ ಇಲ್ಲ ಎಂದು ಬರೆಯುವುದು ನನಗೆ ಸರಿ ಕಾಣುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಜೊಂಗ್ಲೆ ಪ್ರಾಂತ್ಯದಲ್ಲಿ ಬೆಂಗಾವಲಿಗೆ ಹೊರಟಿದ್ದ ಐವರು ಭಾರತೀಯ ಸೈನಿಕರು ಹೊಂಚುದಾಳಿಯಲ್ಲಿ ಪ್ರಾಣ ಕಳೆದುಕೊಂಡರು; ಅದೇ ವರ್ಷದ ಡಿಸೆಂಬರಿನಲ್ಲಿ ಅಕೊಬೊದ ವಿಶ್ವಸಂಸ್ಥೆಯ ನೆಲೆಯ ಮೇಲೆ ದಾಳಿಯಾದಾಗಲೂ ನಮ್ಮವರು ಹುತಾತ್ಮರಾದರು. ಇದನ್ನು ಮನೆಯವರೂ ಎಂದಾದರೂ ಕೇಳಿಯೇ ಇರುತ್ತಾರೆ. ಸುಳ್ಳು ಹೇಳಿದ್ದು ಒಮ್ಮೆ ಗೊತ್ತಾದರೆ ಆಮೇಲೆ ಬರೆದ ನಿಜವನ್ನೂ ಅವರು ನಂಬುವುದಿಲ್ಲ. ‘ಹೊರಗೆ ಹೋಗುವಾಗ ಹೆಲ್ಮೆಟ್, ಗುಂಡುನಿರೋಧಕ ಜಾಕೆಟ್ ತೊಟ್ಟೇ ಹೋಗುತ್ತೇವೆ, ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ’ ಎಂದು ನೀವು ತೆಗೆದುಕೊಳ್ಳುವ ಎಚ್ಚರಿಕೆಯನ್ನು ಬರೆದರೆ ಅಪಾಯವನ್ನು ಒಪ್ಪಿಕೊಂಡಂತೆಯೂ ಆಯಿತು, ಸಮಾಧಾನ ಹೇಳಿದಂತೆಯೂ ಆಯಿತು. ಸಂಗಾತಿಗಳಲ್ಲಿ ಯಾರಿಗಾದರೂ ಪೆಟ್ಟಾದರೆ ಅದನ್ನು ನೀವು ಬರೆಯಲೇಬಾರದು, ಫೋನಿನಲ್ಲಿ ಹೇಳಲೂಬಾರದು. ಆ ಸುದ್ದಿ ಅವನ ಮನೆಗೆ ಸೇನೆಯಿಂದ, ತಕ್ಕ ರೀತಿಯಲ್ಲಿ ಮುಟ್ಟಬೇಕು; ನಿಮ್ಮೂರಿನ ಮಾತಿನ ಮೂಲಕ ಅಲ್ಲ.

ಮನಸ್ಸು ಕುಗ್ಗಿದ ದಿನ ಬರೆದ ಪತ್ರವನ್ನು ಅಂದೇ ಅಂಚೆಗೆ ಹಾಕಬೇಡಿ. ಮರುದಿನ ಓದಿ, ಆಮೇಲೆ ನಿರ್ಧರಿಸಿ. ಆ ಭಾರವನ್ನು ತುಕಡಿಯ ವೈದ್ಯರ ಬಳಿಯೋ ಧರ್ಮಗುರುಗಳ ಬಳಿಯೋ ಹಿರಿಯ ಹವಾಲ್ದಾರರ ಬಳಿಯೋ ಹೇಳಿಕೊಂಡರೆ ಅಲ್ಲಿಯೇ ಸಹಾಯ ಸಿಗುತ್ತದೆ. ಸಾವಿರಾರು ಕಿಲೋಮೀಟರ್ ದೂರದ ತಾಯಿಗೆ ಅತ್ತು ಹಗುರಾಗುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಬೇಸರವನ್ನೇ ಮುಚ್ಚಿಡಬೇಕೆಂದು ಇದರ ಅರ್ಥವಲ್ಲ. ‘ಯುಗಾದಿಯ ದಿನ ಮನೆಯ ನೆನಪು ಬಹಳ ಬಂತು’ ಎಂಬ ಸಾಲು ಯಾವ ತಾಯಿಯನ್ನೂ ಹೆದರಿಸುವುದಿಲ್ಲ.

ಪತ್ರಗಳ ಲೆಕ್ಕ

ದೂರದ ಅಂಚೆಯಲ್ಲಿ ಪತ್ರಗಳು ಹಿಂದುಮುಂದಾಗಿ ತಲುಪುವುದುಂಟು. ಪ್ರತಿ ಪತ್ರದ ಮೇಲ್ತುದಿಯಲ್ಲಿ ಕ್ರಮಸಂಖ್ಯೆ ಮತ್ತು ದಿನಾಂಕ ಬರೆದರೆ ನಡುವಿನದು ಕಳೆದುಹೋಗಿದ್ದರೂ ಗೊತ್ತಾಗುತ್ತದೆ. ಮನೆಯವರು ಲಕೋಟೆಗಳನ್ನು ಎಸೆಯಬಾರದು. ಕಾಂಗೋದಲ್ಲಿದ್ದ ಭಾರತೀಯ ಪಡೆಗಾಗಿ 1962ರಲ್ಲಿ ಅಂಚೆಚೀಟಿಗಳ ಮೇಲೆ ಪಡೆಯ ಹೆಸರನ್ನು ಮುದ್ರಿಸಲಾಗಿತ್ತು, ಗಾಜಾದಲ್ಲಿದ್ದವರಿಗೂ ಅಂಥದೇ ಚೀಟಿ 1965ರಲ್ಲಿ ಬಂದಿತ್ತು. ಲಕೋಟೆ ಉಳಿಸಿಕೊಂಡ ಮನೆಗಳಲ್ಲಿ ಅವು ಇಂದಿಗೂ ಇರಬಹುದು. ಪತ್ರಗಳನ್ನು ಲ್ಯಾಮಿನೇಶನ್ ಮಾಡಿಸದೆ, ಬಿಡಿಸಿ ಚಪ್ಪಟೆಯಾಗಿ ಒಣ ಜಾಗದಲ್ಲಿಟ್ಟು, ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡರೆ ಸಾಕು. ವಾಟ್ಸ್‌ಆ್ಯಪಿನ ಸಂದೇಶಗಳು ಫೋನ್ ಕೆಟ್ಟ ದಿನ ಹೋಗಿಬಿಡಬಹುದು. ತಿಂಗಳಿಗೊಂದಾದರೂ ಪತ್ರ ಕಾಗದದ ಮೇಲಿರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಅವಧಿ ಮುಗಿಯುತ್ತ ಬಂದಾಗ ಬರೆಯುವ ಪತ್ರದಲ್ಲಿ ವಿಮಾನದ ದಿನಾಂಕವನ್ನೂ ದಾರಿಯನ್ನೂ ಹಾಕಬೇಡಿ. ತುಕಡಿಯ ಮರಳುವಿಕೆಯೂ ಸೈನಿಕ ಮಾಹಿತಿಯೇ. ಅದೂ ಅಲ್ಲದೆ ದಿನಾಂಕ ಮುಂದೆ ಹೋದರೆ ಮನೆಯವರು ಬಸ್ ನಿಲ್ದಾಣದಲ್ಲಿ ಕಾದು ಹಿಂದಿರುಗಬೇಕಾಗುತ್ತದೆ. ‘ಸುಗ್ಗಿಯ ಹೊತ್ತಿಗೆ ಬರಬಹುದು’ ಎಂದಷ್ಟೇ ಬರೆದು, ದೆಹಲಿಯಲ್ಲಿ ಇಳಿದ ಮೇಲೆ ಫೋನ್ ಮಾಡಿ.