ಎಂಜಿಎ 1500 ದುರಸ್ತಿ: ಅಂಬಾಸಿಡರ್‌ನಿಂದ ಏನು, ಉದ್ಯಮಬಾಗದಿಂದ ಏನು, ಇಂಗ್ಲೆಂಡಿನಿಂದ ಏನು

ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಎ 1500ರ ಬಾನೆಟ್ ಎತ್ತಿದರೆ ಕಾಣುವ ಎಂಜಿನ್ ನಮ್ಮ ಕಡೆಯ ಹಳೆಯ ಮೇಸ್ತ್ರಿಗಳಿಗೆ ಹೊಸದಲ್ಲ. ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಇದೇ ಬಿ-ಸೀರೀಸ್ 1489 ಸಿಸಿ ಎಂಜಿನ್ ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಓಡಿದೆ. ಬೋರ್ 73.025 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಎರಡೂ ಕಾರಿಗೆ ಒಂದೇ. ಆದರೆ ಅಣ್ಣ-ತಮ್ಮ ಅಂದ ಮಾತ್ರಕ್ಕೆ ಒಬ್ಬನ ಅಂಗಿ ಇನ್ನೊಬ್ಬನಿಗೆ ಸರಿಹೋಗುವುದಿಲ್ಲ. ಎಂಜಿಎಗೆ ಎರಡು ಎಸ್‌ಯು ಕಾರ್ಬ್ಯುರೇಟರ್, 8.3ರ ಕಂಪ್ರೆಶನ್, ಬೇರೆಯದೇ ಕ್ಯಾಮ್ (ವಾಲ್ವ್ ತೆರೆಸುವ ದಂಡ). ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಬಿಚ್ಚಿದ ಭಾಗಗಳನ್ನು ಮೂರು ರಾಶಿ ಮಾಡಿ: ಅಂಬಾಸಿಡರ್ ಅಂಗಡಿಯಲ್ಲಿ ಸಿಗುವಂಥವು, ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಾಡಿಸಬಹುದಾದವು, ಇಂಗ್ಲೆಂಡಿನಿಂದಲೇ ತರಿಸಬೇಕಾದವು. ಈ ವಿಂಗಡಣೆ ತಪ್ಪಿದರೆ ದುಡ್ಡೂ ಹೋಗುತ್ತದೆ, ಅಪರೂಪದ ಭಾಗವೂ ಹಾಳಾಗುತ್ತದೆ.

ಬಿಚ್ಚುವ ಮುನ್ನ ಚಾಸಿ ನಂಬರ್ ಮತ್ತು ಎಂಜಿನ್ ನಂಬರಿನ ಫೋಟೊ ತೆಗೆದಿಡಿ. ಎಂಜಿನ್ ನಂಬರ್ ಇರುವುದು ಬ್ಲಾಕಿಗೆ ರಿವೆಟ್ ಹೊಡೆದ ಒಂದು ಸಣ್ಣ ಪಟ್ಟಿಯ ಮೇಲೆ. ಬ್ಲಾಕನ್ನು ಕೆಮಿಕಲ್ ತೊಟ್ಟಿಯಲ್ಲಿ ತೊಳೆಯಲು ಕೊಟ್ಟಾಗ ಅದು ಕಳೆದುಹೋಗುವುದುಂಟು. 2021ರ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಮೊದಲ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಅದರ ಮುಖ್ಯ ಷರತ್ತು. ‘ಸುಮ್ಮನೆ ಅಂಬಾಸಿಡರ್ ಎಂಜಿನ್ ಪೂರ್ತಿ ಕೂರಿಸಿಬಿಡೋಣ’ ಎಂಬ ಸಲಹೆ ಗ್ಯಾರೇಜಿನಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ. ಬ್ಲಾಕ್ ಬಿರಿದಿದ್ದರೂ ಬಿರುಕನ್ನು ಲೋಹದ ಬೀಗಗಳಿಂದ ಹೊಲಿಸಿ ಅದನ್ನೇ ಉಳಿಸಿಕೊಳ್ಳುವ ದಾರಿ ಮೊದಲು ನೋಡಿ.

ಇನ್ನೊಂದು ಎಚ್ಚರಿಕೆ ಪಾನಾದ್ದು. ಈ ಕಾರಿನ ಬೋಲ್ಟ್‌ಗಳು ಬಹುತೇಕ ಯುಎನ್‌ಎಫ್, ಅಂದರೆ ಇಂಚಿನ ಅಳತೆಯ ಸಣ್ಣ ಅಚ್ಚಿನವು. 1/2 ಇಂಚಿನ ತಲೆಗೆ 13ರ ಪಾನಾ ಹಾಕಿದರೆ ಮೂಲೆ ಸವೆಯುತ್ತದೆ. ಅದಕ್ಕಿಂತ ಕೆಟ್ಟದ್ದು ಎಂ8 ಬೋಲ್ಟ್. 5/16 ಯುಎನ್‌ಎಫ್ ಅಂದರೆ 7.94 ಮಿ.ಮೀ., ಹಾಗಾಗಿ ಎಂ8 ಒಂದೆರಡು ಸುತ್ತು ಹಿಡಿದಂತೆ ಕಾಣುತ್ತದೆ, ಆಮೇಲೆ ಅಚ್ಚನ್ನೇ ಕಿತ್ತುಹಾಕುತ್ತದೆ. 7/16, 1/2, 9/16 ಇಂಚಿನ ಪಾನಾ ಸೆಟ್, 1/4ರಿಂದ 3/8 ಇಂಚಿನವರೆಗಿನ ಯುಎನ್‌ಎಫ್ ಟ್ಯಾಪ್ ಸೆಟ್ ಮೊದಲು ಕೊಳ್ಳಿ. ಅಲ್ಲಿಯವರೆಗೆ ಕಾರು ಮುಟ್ಟಬೇಡಿ.

ಹೆಡ್ ಇಳಿಸುವ ಕ್ರಮದಲ್ಲಿ ಇಲ್ಲಿನ ಹೆಚ್ಚಿನ ಗ್ಯಾರೇಜುಗಳು ಒಂದು ತಪ್ಪು ಮಾಡುತ್ತವೆ. ಹೆಡ್ಡಿನ 11 ನಟ್‌ಗಳಲ್ಲಿ 4 ನಟ್‌ಗಳು ರಾಕರ್ ಶಾಫ್ಟಿನ (ವಾಲ್ವ್ ಒತ್ತುವ ಸನ್ನೆಗಳ ಸಲಾಕೆಯ) ಪೆಡೆಸ್ಟಲ್‌ಗಳನ್ನೂ ಹಿಡಿದಿವೆ. ರಾಕರ್ ಮಾತ್ರ ತೆಗೆಯೋಣ ಎಂದು ಆ ನಾಲ್ಕನ್ನೇ ಬಿಚ್ಚಿದರೆ ಉಳಿದ ನಟ್‌ಗಳ ಎಳೆತಕ್ಕೆ ಹೆಡ್ ಸೊಟ್ಟಾಗುತ್ತದೆ, ನೀರು ಬೋರಿಗೆ ಇಳಿಯುತ್ತದೆ. ರಾಕರ್ ತೆಗೆಯುವುದಿದ್ದರೂ ನೀರು ಖಾಲಿ ಮಾಡಿ, 11 ನಟ್‌ಗಳನ್ನೂ ಸ್ವಲ್ಪಸ್ವಲ್ಪವಾಗಿ, ಹೊರಗಿನಿಂದ ಒಳಗೆ ಸಡಿಲಿಸಿ. ಕೂರಿಸುವಾಗ ನಡುವಿನಿಂದ ಹೊರಗೆ, 25, 40, 50 ಪೌಂಡ್-ಅಡಿ, ಹೀಗೆ ಮೂರು ಹಂತ. 50 ಪೌಂಡ್-ಅಡಿ ಅಂದರೆ 68 ನ್ಯೂಟನ್-ಮೀಟರ್.

ಇಳಿಸಿದ ಹೆಡ್ಡನ್ನು ಉದ್ಯಮಬಾಗಕ್ಕೆ ಒಯ್ಯಿರಿ. ಅಲ್ಲಿನ ಎರಕ ಘಟಕಗಳಿಗೆ ಡೈ ಪೆನೆಟ್ರಂಟ್ ಪರೀಕ್ಷೆ ದಿನನಿತ್ಯದ ಕೆಲಸ: ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಕೂದಲೆಳೆಯಷ್ಟು ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಮೊದಲು ನೋಡಬೇಕಾದ ಜಾಗ 2 ಮತ್ತು 3ನೇ ಸಿಲಿಂಡರಿನ ಎಗ್ಸಾಸ್ಟ್ ಸೀಟುಗಳ ನಡುವಿನ ಭಾಗ. ಆ ಎರಡಕ್ಕೂ ಒಂದೇ ಹೊರದಾರಿ ಇರುವುದರಿಂದ ಬಿಸಿ ಅಲ್ಲೇ ಹೆಚ್ಚು, ಬಿರುಕೂ ಅಲ್ಲೇ ಮೊದಲು. ಭಾರತದಲ್ಲಿ ಸೀಸದ ಪೆಟ್ರೋಲ್ 2000ನೇ ಇಸವಿಯಲ್ಲಿ ನಿಂತಿತು. ಸೀಟಿಗೆ ಅದರ ಮೆತ್ತೆ ಈಗಿಲ್ಲ. ಎಗ್ಸಾಸ್ಟ್ ಸೀಟುಗಳಿಗೆ ಗಟ್ಟಿ ಲೋಹದ ಇನ್ಸರ್ಟ್ ಹಾಕಿಸುವುದು ಅಗತ್ಯ, ಇನ್‌ಲೆಟ್‌ಗೆ ಬೇಕಿಲ್ಲ. ಇನ್ಸರ್ಟ್ ತನ್ನ ಗೂಡಿಗಿಂತ ಸುಮಾರು 0.08ರಿಂದ 0.10 ಮಿ.ಮೀ. ದೊಡ್ಡದಿರಲಿ. ಕಡಿಮೆಯಾದರೆ ಬಿಸಿಗೆ ಸಡಿಲಾಗಿ ಉದುರಿ ಪಿಸ್ಟನ್ ಒಡೆಯುತ್ತದೆ. ವಾಲ್ವ್ ತಲೆಯ ಅಳತೆ ಇನ್‌ಲೆಟ್‌ಗೆ 38.1 ಮಿ.ಮೀ., ಎಗ್ಸಾಸ್ಟ್‌ಗೆ 32.5. ಅಂಬಾಸಿಡರ್ ವಾಲ್ವ್ ಕೊಳ್ಳುವುದಾದರೆ ವರ್ನಿಯರ್ ಹಿಡಿದೇ ಅಂಗಡಿಗೆ ಹೋಗಿ. ವಾಲ್ವ್ ಕಾಂಡದ ಮೇಲಿನ ಸಣ್ಣ ರಬ್ಬರ್ ಬಳೆಗಳು ಗಟ್ಟಿಯಾಗಿದ್ದರೆ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಹೊಸದನ್ನು ಎಣ್ಣೆಯಲ್ಲಿ ನೆನೆಸಿಯೇ ಹಾಕಿ.

ಬ್ಲಾಕಿನಲ್ಲಿ ಕೋರ್ ಪ್ಲಗ್‌ಗಳನ್ನು (ನೀರಿನ ದಾರಿ ಮುಚ್ಚುವ ಬಿಲ್ಲೆಗಳನ್ನು) ತೆಗೆಸಿ. 4ನೇ ಸಿಲಿಂಡರಿನ ಹಿಂದೆ ದಶಕಗಳ ಕೆಸರು ಕಲ್ಲಿನಂತೆ ಕೂತಿರುತ್ತದೆ. ರೇಡಿಯೇಟರ್ ಎಷ್ಟು ಚೆನ್ನಾಗಿದ್ದರೂ ವಿಜಯಪುರದ ಮೇ ತಿಂಗಳ ಬಿಸಿಲಲ್ಲಿ ಎಂಜಿನ್ ಕುದಿಯುವುದಕ್ಕೆ ಇದೇ ಕಾರಣವಾಗಿರುವುದು ಹೆಚ್ಚು. ರೇಡಿಯೇಟರಿಗೆ ಲಾರಿ ರೇಡಿಯೇಟರ್ ಬೆಸುಗೆ ಹಾಕುವವರೇ ಸಾಕು, ತಾಮ್ರ-ಹಿತ್ತಾಳೆಯ ಕೆಲಸ ಅವರಿಗೆ ಕರಗತ. ಆದರೆ ಮುಚ್ಚಳ ಮಾತ್ರ 4 ಪೌಂಡ್ ಒತ್ತಡದ್ದೇ ಇರಲಿ. ಈಗಿನ ಕಾರಿನ 13 ಪೌಂಡ್ ಮುಚ್ಚಳ ಹಾಕಿದರೆ ಹಳೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಕ್ರ್ಯಾಂಕಿನ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಒಳ್ಳೆಯ ಕೈಗಳು ಊರಲ್ಲೇ ಇವೆ. ಮೇನ್ ಜರ್ನಲ್ ಹೊಸದಿದ್ದಾಗ 50.8 ಮಿ.ಮೀ., ಬಿಗ್ ಎಂಡ್ ಸುಮಾರು 47.65. ಬೇರಿಂಗ್ 10, 20, 30, 40 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಅಂಡರ್‌ಸೈಜ್‌ನಲ್ಲಿ ಬರುತ್ತವೆ. ಮೊದಲು ಬೇರಿಂಗ್ ಕೊಂಡು ಕೈಗೆ ಬಂದ ಮೇಲೆ ಗ್ರೈಂಡ್ ಮಾಡಿಸಿ. 20 ಥೌ ಗ್ರೈಂಡ್ ಮಾಡಿಸಿಟ್ಟು, ಅಂಗಡಿಯಲ್ಲಿ 30 ಮಾತ್ರ ಇದ್ದರೆ ಮತ್ತೆ ಗ್ರೈಂಡ್, ಕ್ರ್ಯಾಂಕಿನ ಆಯಸ್ಸು ವ್ಯರ್ಥ. ಅಂಬಾಸಿಡರ್ ಪೆಟ್ರೋಲ್ ಎಂಜಿನ್ನಿನ ಬೇರಿಂಗ್, ಟೈಮಿಂಗ್ ಚೈನ್, ಟ್ಯಾಪೆಟ್, ಪುಶ್‌ರಾಡ್, ಆಯಿಲ್ ಪಂಪ್ ಇವನ್ನು ಹುಡುಕುವುದು ಸಾರ್ಥಕ, ಹಳೆಯದರ ಪಕ್ಕ ಇಟ್ಟು ಅಳೆದೇ ತೆಗೆದುಕೊಳ್ಳಿ. ಅಂಬಾಸಿಡರಿನ ಡೀಸೆಲ್ ಎಂಜಿನ್ನೂ 1489 ಸಿಸಿಯದೇ. ಅದರ ಭಾಗವನ್ನು ಪೆಟ್ರೋಲಿನದೆಂದು ಕೊಡುವ ಅಂಗಡಿಗಳಿವೆ. 1990ರ ದಶಕದಿಂದ ಬಂದ ಇಸುಜು 1800 ಎಂಜಿನ್ನಿನ ಭಾಗ ಯಾವುದೂ ಇದಕ್ಕೆ ಬರುವುದಿಲ್ಲ. ಕ್ರ್ಯಾಂಕ್ ಕೂರಿಸಿದ ಮೇಲೆ ಹಿಂದೆ-ಮುಂದೆ ಸರಿದಾಟ 0.05ರಿಂದ 0.075 ಮಿ.ಮೀ. ಒಳಗಿರಬೇಕು. ಮೇನ್ ಬೋಲ್ಟ್ 70 ಪೌಂಡ್-ಅಡಿ, ಬಿಗ್ ಎಂಡ್ 35. ಹಿಂಬದಿಯಲ್ಲಿ ಈ ಎಂಜಿನ್ನಿಗೆ ರಬ್ಬರ್ ಸೀಲ್ ಇಲ್ಲ, ಎಣ್ಣೆಯನ್ನು ಒಳಕ್ಕೆ ತಿರುಗಿಸುವ ಸುರುಳಿ ಗೆರೆ ಮಾತ್ರ. ತೊಟ್ಟಿಕ್ಕುವುದು ಸ್ವಲ್ಪ ಇದ್ದೇ ಇರುತ್ತದೆ.

ಪಿಸ್ಟನ್ ಮತ್ತು ಕ್ಯಾಮ್ ಎರಡನ್ನೂ ಅಂಬಾಸಿಡರ್‌ನಿಂದ ತರಬೇಡಿ. ಪಿಸ್ಟನ್ ಹಾಕಿದರೆ ಕಂಪ್ರೆಶನ್ ಇಳಿಯುತ್ತದೆ, ಕ್ಯಾಮ್ ಹಾಕಿದರೆ ಕಾರಿನ ಓಟವೇ ಬದಲಾಗುತ್ತದೆ. ಎಂಜಿಎಯ ಸ್ವಭಾವ ಇರುವುದು ಈ ಎರಡರಲ್ಲೇ. ಇವುಗಳ ಜತೆಗೆ ಬ್ರೇಕಿನ ರಬ್ಬರ್ ಸೀಲ್, ಸ್ಟೀರಿಂಗ್ ಮತ್ತು ಮುಂಭಾಗದ ಸ್ವಿವೆಲ್ ಪಿನ್-ಟ್ರನಿಯನ್ (ಮುಂದಿನ ಗಾಲಿ ತಿರುಗುವ ಕೀಲು), ವೈರ್ ವ್ಹೀಲಿನ ಸ್ಪ್ಲೈನ್ ಹಬ್, ಕಾರ್ಬ್ಯುರೇಟರಿನ ನೀಡಲ್ ಮತ್ತು ಜೆಟ್ ಇವು ಇಂಗ್ಲೆಂಡಿನಿಂದಲೇ ಬರಲಿ. ಪ್ರಾಣದ ಪ್ರಶ್ನೆ ಇರುವಲ್ಲಿ ನಕಲು ಬೇಡ. ಒಂದೊಂದಾಗಿ ತರಿಸಿದರೆ ಸಾಗಣೆ ವೆಚ್ಚವೇ ಭಾಗದ ಬೆಲೆ ಮೀರುತ್ತದೆ. ಇಡೀ ಕಾರನ್ನು ಬಿಚ್ಚಿ ನೋಡಿ, ಪಟ್ಟಿ ಮುಗಿಸಿ, ಒಂದೇ ಪೆಟ್ಟಿಗೆಯಲ್ಲಿ ತರಿಸಿ. ಇನ್‌ವಾಯ್ಸ್‌ನಲ್ಲಿ ಪ್ರತಿ ಭಾಗದ ಹೆಸರು, ಬೆಲೆ ಬಿಡಿಬಿಡಿಯಾಗಿ ಇರಲೆಂದು ಮೊದಲೇ ಬರೆದು ಕೇಳಿ, ಕಸ್ಟಮ್ಸ್‌ನಲ್ಲಿ ಪೆಟ್ಟಿಗೆ ನಿಲ್ಲುವುದು ಬಹುಪಾಲು ಈ ಕಾರಣಕ್ಕೆ.

ಅಂಬಾಸಿಡರ್ ಭಾಗಕ್ಕೆ ಹತ್ತಿರದ ದಾರಿ ಹುಬ್ಬಳ್ಳಿ ಮತ್ತು ಕೊಲ್ಹಾಪುರದ ಹಳೆಯ ಸ್ಪೇರ್ ಅಂಗಡಿಗಳು; ವಿಜಯಪುರದವರಿಗಾದರೆ ಸೊಲ್ಲಾಪುರದವು. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಕೊನೆಯ ಬಾಗಿಲು ಕೋಲ್ಕತ್ತದ ಮಲ್ಲಿಕ್ ಬಜಾರ್, ಅಂಬಾಸಿಡರ್ ಟ್ಯಾಕ್ಸಿಗಳ ಊರಾದ್ದರಿಂದ ಸರಕು ಅಲ್ಲಿ ಉಳಿದಿದೆ. ಫೋನಿನಲ್ಲಿ ‘ಎಂಜಿಗೆ ಬೇಕು’ ಅನ್ನಬೇಡಿ, ‘ಮಾರ್ಕ್ 2 ಪೆಟ್ರೋಲ್’ (ಅಂಬಾಸಿಡರಿನ ಹಳೆಯ ಮಾದರಿ) ಅನ್ನಿ. ಭಾಗದ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೊ ಕಳಿಸಿ.

ಈಗ ಉದ್ಯಮಬಾಗದ ಕೆಲಸ. ಲೇತಿನವನಿಗೆ ಸವೆದ ಬುಶ್ ಕೊಟ್ಟು ‘ಇದರಂಗ ಇನ್ನೊಂದು ಮಾಡ್ರಿ’ ಎಂದರೆ ಸವೆತವೂ ನಕಲಾಗಿ ಬರುತ್ತದೆ. ಸವೆಯದ ಅಂಚಿನಲ್ಲಿ ಅಳೆದು, ಇಂಚನ್ನು ಮಿ.ಮೀ.ಗೆ ತಿರುಗಿಸಿ, ಎಷ್ಟು ಹೆಚ್ಚು-ಕಡಿಮೆ ನಡೆಯುತ್ತದೆ ಎಂಬುದನ್ನೂ ಬರೆದ ಡ್ರಾಯಿಂಗ್ ಕೊಡಿ. ಅಲ್ಲಿನವರು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಬಲ್ಲರು, ನಾವು ಕೇಳಬೇಕು ಅಷ್ಟೇ. ಥರ್ಮೋಸ್ಟಾಟ್ ಹೌಸಿಂಗ್‌ನಂಥ ಎರಕದ ಭಾಗಕ್ಕೆ ಪ್ಯಾಟರ್ನ್ ಮಾಡಿಸುವಾಗ ಬೀಡುಕಬ್ಬಿಣಕ್ಕೆ ಶೇ 1, ಅಲ್ಯೂಮಿನಿಯಂಗೆ ಶೇ 1.3ರಷ್ಟು ಕುಗ್ಗುವಿಕೆಯನ್ನು ಸೇರಿಸಿ, ಮಷಿನ್ ಹೊಡೆಯುವ ಮುಖಕ್ಕೆ 3 ಮಿ.ಮೀ. ಹೆಚ್ಚು ಬಿಡಿ. ಒಂದೇ ಒಂದು ಎರಕಕ್ಕೆ ಫೌಂಡ್ರಿಯವರು ಮನಸ್ಸು ಮಾಡುವುದಿಲ್ಲ. ಐದಾರು ಮಾಡಿಸಿ, ಉಳಿದ ಎಂಜಿ ಮಾಲೀಕರಿಗೆ ಕೊಡಿ.

ತುಕ್ಕು ತಿಂದ ಬ್ರೇಕ್ ಮಾಸ್ಟರ್ ಸಿಲಿಂಡರ್ ಎಸೆಯಬೇಡಿ. ಬೆಳಗಾವಿ ಹೈಡ್ರಾಲಿಕ್ಸ್ ಉದ್ಯಮದ ಊರು. ಸಿಲಿಂಡರ್ ಬೋರ್ ಮಾಡಿ ಸ್ಟೇನ್‌ಲೆಸ್ ಸ್ಲೀವ್ ಕೂರಿಸಿ ಮತ್ತೆ 22.2 ಮಿ.ಮೀ.ಗೆ ಹೋನ್ ಮಾಡುವುದು ಅಲ್ಲಿ ಕಷ್ಟದ ಕೆಲಸವಲ್ಲ. ಎಣ್ಣೆ ಬರುವ ಸಣ್ಣ ರಂಧ್ರವನ್ನು ಸ್ಲೀವಿನಲ್ಲೂ ತೂತು ಮಾಡಿ, ಒಳಅಂಚಿನ ಮುಳ್ಳು ತೆಗೆದಿದ್ದಾರೆಯೇ ನೋಡಿ. ಮುಳ್ಳು ಉಳಿದರೆ ಹೊಸ ಸೀಲ್ ಮೊದಲ ದಿನವೇ ಕತ್ತರಿಸಿಹೋಗುತ್ತದೆ. ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ, ಹೈಡ್ರಾಲಿಕ್ ಎಣ್ಣೆ ಯಾವುದೂ ಬೇಡ, ರಬ್ಬರ್ ಉಬ್ಬುತ್ತದೆ. ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್ ಮಾತ್ರ. 1500ಕ್ಕೆ ನಾಲ್ಕೂ ಗಾಲಿಗೆ ಡ್ರಮ್, ಹಾಗಾಗಿ ಲೈನರ್ ಅಂಟಿಸುವ ಕೆಲಸ ಟೆಂಪೊ ಬ್ರೇಕ್ ಮಾಡುವವರಿಂದಲೂ ಆಗುತ್ತದೆ.

ಕಾರ್ಬ್ಯುರೇಟರ್ ಎಸ್‌ಯು ಎಚ್4. ಡ್ಯಾಂಪರ್ ಬಿಚ್ಚಿ, ಪಿಸ್ಟನ್ನನ್ನು ಮೇಲೆತ್ತಿ ಬಿಟ್ಟರೆ ‘ಟಕ್’ ಎಂದು ತಳಕ್ಕೆ ಬಡಿಯಬೇಕು. ಬಡಿಯದಿದ್ದರೆ ಜೆಟ್ ನಡುಕ್ಕೆ ಕೂತಿಲ್ಲ. ಜೆಟ್ಟನ್ನು ‘ಸೇತುವೆ’ಯ (ಕಾರ್ಬ್ಯುರೇಟರ್ ಬಾಯೊಳಗಿನ ಉಬ್ಬಿನ) ಮಟ್ಟದಿಂದ ಎರಡು ಸುತ್ತು ಕೆಳಗಿಳಿಸಿ ಆರಂಭಿಸಿ. ಎರಡೂ ಕಾರ್ಬ್ಯುರೇಟರಿನ ಬಾಯಿಗೆ ರಬ್ಬರ್ ನಳಿಕೆ ಹಿಡಿದು ಕಿವಿಗೊಟ್ಟರೆ ‘ಸುಸ್’ ಸದ್ದು ಒಂದೇ ಸಮ ಕೇಳುವವರೆಗೆ ಥ್ರಾಟಲ್ ಸ್ಕ್ರೂ ತಿರುಗಿಸಿ. ಅದಾದ ಮೇಲಷ್ಟೇ ಮಿಕ್ಸ್ಚರ್. ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರ್ ಪೈಪನ್ನೂ ಜೆಟ್ಟಿನ ಕಾರ್ಕ್ ವಾಶರನ್ನೂ ತಿನ್ನುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಪೈಪ್‌ಗಳೆಲ್ಲ ಎಥನಾಲ್ ತಡೆಯುವಂಥವೇ ಇರಲಿ. ಬೆಳಗಾವಿಯ ಮಳೆಗಾಲದಲ್ಲಿ ಕಾರು ನಿಲ್ಲಿಸುವುದಿದ್ದರೆ ಫ್ಲೋಟ್ ಬಟ್ಟಲು ಖಾಲಿ ಮಾಡಿ. ಬಾಗಲಕೋಟೆ, ವಿಜಯಪುರದ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಗದಿದ್ದರೆ ಬಟ್ಟಲಿನಲ್ಲಿ ಪೆಟ್ರೋಲ್ ಕುದಿದಿದೆ ಎಂದೇ ಅರ್ಥ. ಎಗ್ಸಾಸ್ಟ್ ಕಾರ್ಬ್ಯುರೇಟರಿನ ಅಡಿಯಲ್ಲೇ ಇದೆ, ನಡುವಿನ ತಗಡಿನ ಗುರಾಣಿಯನ್ನು ಬಿಸಾಡಿದವರು ಬಹಳ. ಅದನ್ನು ಮಾಡಿಸಿ ಹಾಕಿ.

ಕರೆಂಟಿನಲ್ಲಿ ಮುಖ್ಯವಾಗಿ ನೆನಪಿಡಬೇಕಾದ್ದು: ಈ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿದೆ. ಅಂಗಡಿಯ ಎಲೆಕ್ಟ್ರಾನಿಕ್ ಇಗ್ನಿಷನ್ ಬಹುತೇಕ ನೆಗೆಟಿವ್ ಅರ್ಥ್‌ನದು, ಒಂದೇ ಕ್ಷಣದಲ್ಲಿ ಸುಡುತ್ತದೆ. ಪಾಯಿಂಟ್ ಗ್ಯಾಪ್ 14ರಿಂದ 16 ಥೌ, ಪ್ಲಗ್ 25 ಥೌ, ಸಿಡಿಯುವ ಕ್ರಮ 1-3-4-2.

ಬಾಡಿಯಲ್ಲಿ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳದ ಹೊರಪದರ ಅಲ್ಯೂಮಿನಿಯಂ. ಟಿಂಕರ್ ಕೆಲಸದವರಿಗೆ ಮೊದಲೇ ಹೇಳಿ. ಅಡಿಯ ಹಲಗೆ ಮರದ್ದು, 12 ಮಿ.ಮೀ. ಮರೈನ್ ಪ್ಲೈನಲ್ಲಿ ಯಾವ ಬಡಿಗನಾದರೂ ಮಾಡುತ್ತಾನೆ, ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿಯಿರಿ. ಬಾಗಿಲ ಕೆಳಗಿನ ಸಿಲ್ ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಅಡ್ಡ ಕಬ್ಬಿಣದ ಪಟ್ಟಿ ಬೆಸೆಯಬೇಕು, ಇಲ್ಲದಿದ್ದರೆ ಬಾಡಿ ಕುಸಿದು ಬಾಗಿಲು ಮತ್ತೆಂದೂ ಕೂರುವುದಿಲ್ಲ.

ಎಂಜಿನ್ ಕಟ್ಟಿದ ಮೇಲೆ 20ಡಬ್ಲ್ಯೂ-50 ಎಣ್ಣೆ, ಫಿಲ್ಟರ್ ಸೇರಿ ಸುಮಾರು 4.5 ಲೀಟರ್. ಗೇರ್‌ಬಾಕ್ಸಿಗೂ ಎಂಜಿನ್ ಎಣ್ಣೆಯೇ, ದಪ್ಪ ಗೇರ್ ಆಯಿಲ್ ಬೇಡ. ಪ್ಲಗ್ ಬಿಚ್ಚಿಟ್ಟು ಸ್ಟಾರ್ಟರ್ ತಿರುಗಿಸಿ, ಮೀಟರಿನಲ್ಲಿ ಒತ್ತಡ ಕಂಡ ಮೇಲೆ ಪ್ಲಗ್ ಹಾಕಿ. ಕ್ಯಾಮ್ ಹೊಸದಾದರೆ ಎಂಜಿನ್ ಹಿಡಿದ ತಕ್ಷಣ 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಿ, ಐಡಲ್‌ಗೆ ಬಿಡಬೇಡಿ, ಟ್ಯಾಪೆಟ್ ಅಲ್ಲೇ ಸವೆದುಹೋಗುತ್ತದೆ. ಬಿಸಿಯಾದ ಮೇಲೆ ಎಣ್ಣೆಯ ಒತ್ತಡ ಓಟದಲ್ಲಿ 30ರಿಂದ 80 ಪೌಂಡ್, ಐಡಲ್‌ನಲ್ಲಿ 10ರಿಂದ 25 ಇದ್ದರೆ ಒಳ್ಳೆಯದು. 200 ಕಿ.ಮೀ. ಆದಾಗ ಎಂಜಿನ್ ಪೂರ್ತಿ ತಣಿಯಲು ಬಿಟ್ಟು, ಹೆಡ್ ನಟ್‌ಗಳನ್ನು ಒಂದೊಂದಾಗಿ ಕಾಲು ಸುತ್ತು ಸಡಿಲಿಸಿ ಮತ್ತೆ 50ಕ್ಕೆ ಬಿಗಿಯಿರಿ. ಆಮೇಲೆ ಎಂಜಿನ್ ಬಿಸಿ ಮಾಡಿ ವಾಲ್ವ್ ಗ್ಯಾಪನ್ನು 17 ಥೌಗೆ ಇಡಿ. 800 ಕಿ.ಮೀ.ಗೆ ಎಣ್ಣೆ ಬದಲಿಸಿ, ಹಳೆಯ ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿದು ಆಯಸ್ಕಾಂತ ಆಡಿಸಿ, ಹೊಳೆಯುವ ಚೂರು ಅಂಟಿಕೊಂಡರೆ ಮುಂದೆ ಓಡಿಸದೆ ಸಂಪ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ) ಇಳಿಸಿ ನೋಡಿ.