ಸ್ತ್ರೀವಾದದ ಪಾಠಕ್ಕೆ ಅಮ್ಮನ ದಿನಚರಿಯ ಹಾಳೆ

ಬಿ.ಎ. ಮಕ್ಕಳಿಗೆ ಸ್ತ್ರೀವಾದದ ಪಂಥಗಳನ್ನು ಪಾಠ ಮಾಡುವವರಿಗೆ ನನ್ನ ಕಷ್ಟ ಗೊತ್ತಿರುತ್ತದೆ. ಉದಾರವಾದಿ, ಮಾರ್ಕ್ಸ್‌ವಾದಿ, ತೀವ್ರಗಾಮಿ ಎಂದು ಹೆಸರು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಮೂರನ್ನೂ ಕಲಸಿಬಿಡುತ್ತಾರೆ.

ಮೊದಲ ವರ್ಷ, ಹೆಣ್ಣಿನ ಹಕ್ಕುಗಳ ಬಗ್ಗೆ ಪುಸ್ತಕ ಬರೆದ ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್, 1792 ಎಂದು ಶುರು ಮಾಡಿ ಇಸವಿಗಳ ದೊಡ್ಡ ಫ್ಲೆಕ್ಸ್ ಮಾಡಿಸಿದೆ. ಕೈಯಿಂದ ಸುಮಾರು 1,800 ರೂಪಾಯಿ ಹೋಯಿತು. ಹಿಂದಿನ ಬೆಂಚಿನವರು ತೂಕಡಿಸಿದರು. ಮರುವರ್ಷ ಚರ್ಚೆ ಇಟ್ಟೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ಬರೀ ಜಗಳ. ಒಬ್ಬಳು ಅತ್ತುಕೊಂಡು ಎದ್ದು ಹೋದಳು. ತಪ್ಪು ನನ್ನದೇ. ಇವತ್ತಿಗೂ ಚುಚ್ಚುತ್ತದೆ.

ಮೂರನೇ ವರ್ಷ ಒಂದು ಜೆರಾಕ್ಸ್ ಹಾಳೆ ಕೊಟ್ಟೆ. 24 ಗಂಟೆ, ಅರ್ಧರ್ಧ ಗಂಟೆಗೊಂದು ಗೆರೆ. ಅಮ್ಮನ ಒಂದು ದಿನ ತುಂಬಿಸಿಕೊಂಡು ಬನ್ನಿ ಎಂದೆ. ಖರ್ಚು 120 ರೂಪಾಯಿ ಇರಬಹುದು. "ಇದೇನು ಮೇಡಂ, ಸರ್ವೇನಾ? ಸಿಲಬಸ್ ಯಾವಾಗ ಮುಗಿಸ್ತೀರಿ?" ಎಂದರು ಸ್ಟಾಫ್ ರೂಮಿನಲ್ಲಿ.

ಒಬ್ಬ ಹುಡುಗನ ಹಾಳೆ ಈಗಲೂ ನನ್ನ ಹತ್ತಿರ ಇದೆ. ನಾಲ್ಕೂವರೆಗೆ ಕೊಟ್ಟಿಗೆ. ಐದಕ್ಕೆ ಹಾಲು ಕರೆದು ಡೈರಿಗೆ. ಆರಕ್ಕೆ ಒಲೆ. ಎಂಟೂವರೆಗೆ ಕಳೆ ಕೀಳುವ ಕೂಲಿ. ಅಮ್ಮ ಕೂತಿದ್ದು ಯಾವಾಗ ಎಂದು ತಿಳಿಯದೆ ಫೋನ್ ಮಾಡಿ ಕೇಳಿದ್ದಾನೆ. "ಟೆಂಪೋದಲ್ಲಿ, ಜಾಗ ಸಿಕ್ಕರೆ" ಎಂದು ಬರೆದಿದ್ದಾನೆ.

ಅಲ್ಲಿಂದ ಪಾಠ ತಾನಾಗಿ ನಡೆಯಿತು. ನಮ್ಮ ಕಡೆ ಹೆಣ್ಣಾಳಿಗೆ 300, ಗಂಡಾಳಿಗೆ 500ರ ಆಸುಪಾಸು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದರೂ ಯಾಕೆ ಹೀಗೆ? ಇದು ಉದಾರವಾದಿಗಳ ಪ್ರಶ್ನೆ. ಕೊಟ್ಟಿಗೆಗೆ, ಒಲೆಗೆ ಕೂಲಿ ಎಲ್ಲಿ? ಇದು ಮಾರ್ಕ್ಸ್‌ವಾದಿಗಳ ಪ್ರಶ್ನೆ. 1972ರಲ್ಲಿ ಇಟಲಿಯಲ್ಲಿ ಶುರುವಾದ 'ಮನೆಗೆಲಸಕ್ಕೆ ಸಂಬಳ' ಚಳವಳಿ ಕೇಳಿದ್ದು ಇದನ್ನೇ. ಆ 300 ಯಾರ ಕೈ ಸೇರುತ್ತದೆ, ಕೊಡದಿದ್ದರೆ ಯಾರಿಗೆ ಏಟು ಬೀಳುತ್ತದೆ ಎಂದು ಕೇಳಿದ ಕೂಡಲೇ ತೀವ್ರಗಾಮಿಗಳು ಬಂದರು.

ಆಗ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ನಮ್ಮಮ್ಮ ಬೇರೆಯವರ ಮನೆ ಪಾತ್ರೆ ತೊಳೀತಾಳೆ. ಅದಕ್ಕೇ ಆ ಮನೆ ಅಕ್ಕ ಆಫೀಸಿಗೆ ಹೋಗೋಕಾಗೋದು. ಆದ್ರೂ ಅಮ್ಮನ ಲೋಟ ಹೊರಗಡೆ ಇರುತ್ತೆ." ಕ್ಲಾಸು ಗಪ್‌ಚುಪ್. ಅಮೆರಿಕದ ಲೇಖಕಿ ಬೆಟ್ಟಿ ಫ್ರೀಡನ್ 1963ರಲ್ಲಿ ಗೃಹಿಣಿಯರ ಬೇಸರದ ಬಗ್ಗೆ ಬರೆದರು. ಅವರೆಲ್ಲ ಹೊರಗೆ ದುಡಿಯಲು ಹೋದರೆ ಮನೆ, ಮಕ್ಕಳನ್ನು ನೋಡಿಕೊಳ್ಳಲು ಕರೆಯುವುದು ಯಾರನ್ನು ಎಂದು 1984ರಲ್ಲಿ ಅಲ್ಲಿನ ಕಪ್ಪು ಲೇಖಕಿ ಬೆಲ್ ಹುಕ್ಸ್ ಕೇಳಿದರು. ಲೋಟದ ಮಾತು ಮಾತ್ರ ಅಮೆರಿಕದ್ದಲ್ಲ, ನಮ್ಮದು. ದಲಿತ ಸ್ತ್ರೀವಾದ ಯಾಕೆ ಬೇರೆಯಾಗಿ ನಿಂತಿತು ಎಂದು ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಆಯಿತು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡಿನಲ್ಲಿ ನೂರಕ್ಕೆ ಸುಮಾರು 90 ಹೆಂಗಸರು ಕೆಲಸ ನಿಲ್ಲಿಸಿದ್ದು ಕೇಳಿ, ಮಕ್ಕಳು ಒಂದು ಭಾನುವಾರ ಅಮ್ಮನಿಗೆ ರಜೆ ಕೊಡ್ತೀವಿ ಎಂದರು. ನಲವತ್ತರಲ್ಲಿ ಆರೇಳು ಮನೆಯಲ್ಲಿ ನಡೆಯಿತು. ಅಲ್ಲೂ ಜಾಸ್ತಿ ಕಡೆ ಕೆಲಸ ಬಿದ್ದಿದ್ದು ಅಕ್ಕನ ಮೇಲೆ!

ಆ ಸಲ ಇಂಟರ್ನಲ್ಸ್‌ನಲ್ಲಿ ಪಂಥಗಳನ್ನು ಕಲಸಿದವರು ನಾಲ್ಕೈದು ಮಂದಿ ಅಷ್ಟೇ. ಸಿಲಬಸ್ಸೂ ಹತ್ತು ಹನ್ನೆರಡು ದಿನ ಮೊದಲೇ ಮುಗಿಯಿತು. ಸರ್ವೇನಾ ಎಂದವರೇ ಈಗ ಹಾಳೆ ಕೇಳುತ್ತಾರೆ. ಖುಷಿಯಿಂದ ಕೊಡುತ್ತೇನೆ. ಹಾಳೆ ತುಂಬಿಸಿ ತಂದ ದಿನ ಹುಡುಗರಿಗೆ ನಾನು ಕೇಳುವ ಮೊದಲ ಪ್ರಶ್ನೆಯನ್ನು ಮಾತ್ರ ಸದ್ಯಕ್ಕೆ ಕೊಡುವುದಿಲ್ಲ. ಅದಕ್ಕೆ ಮೂರು ವರ್ಷ ಸವೆಸಿದ್ದೇನೆ.