ಹಳೆಯ ಪ್ರಿಂಟನ್ನು ಪ್ರೊಜೆಕ್ಟರಿಗೆ ಏರಿಸುವ ಮುನ್ನ

ಬೆಂಗಳೂರು, ಕೋಲಾರ ಮತ್ತು ತುಮಕೂರು ಜಿಲ್ಲೆಗಳನ್ನು ಒಟ್ಟುಗೂಡಿಸಿ ಬಿ.ಕೆ.ಟಿ. ಏರಿಯಾ ಎಂದು ಕರೆಯುವುದು ಕನ್ನಡ ಚಿತ್ರ ಹಂಚಿಕೆಯ ಹಳೆಯ ರೂಢಿ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಿಕ್ಕಬಳ್ಳಾಪುರವೂ ಕೋಲಾರದ ಭಾಗವಾಗಿ ಅದರೊಳಗೇ ಇತ್ತು. ಬೆಂಗಳೂರಿನ ಗಾಂಧಿನಗರದಿಂದ ಹೊರಟ ಪ್ರಿಂಟಿನ (ಚಿತ್ರದ ಫಿಲಂ ಪ್ರತಿಯ) ಪೆಟ್ಟಿಗೆ ಮೊದಲು ದೊಡ್ಡ ಊರುಗಳ ಚಿತ್ರಮಂದಿರಗಳಲ್ಲಿ ಓಡಿ, ಆಮೇಲೆ ಪಾವಗಡ, ಚಿಂತಾಮಣಿಯಂಥ ಊರುಗಳಿಗೂ ಟೂರಿಂಗ್ ಟಾಕೀಸುಗಳಿಗೂ ತಲುಪುವ ಹೊತ್ತಿಗೆ ಸಾಕಷ್ಟು ಸವೆದಿರುತ್ತಿತ್ತು. ಈಗ ಪ್ರದರ್ಶನವೆಲ್ಲ ಡಿಜಿಟಲ್ ಆಗಿದ್ದರೂ, ಮುಚ್ಚಿದ ಮಂದಿರಗಳ ಕ್ಯಾಬಿನ್‌ಗಳಲ್ಲಿ ಪ್ರೊಜೆಕ್ಟರ್ ಮತ್ತು ರೀಲಿನ ಡಬ್ಬಗಳು ಉಳಿದಿರುವುದುಂಟು. ಅಂಥ ಪ್ರಿಂಟನ್ನು ಮತ್ತೆ ತೆರೆಯ ಮೇಲೆ ನೋಡಬಯಸುವವರಿಗೆ, ಆಪರೇಟರ್ ಕೆಲಸವನ್ನು ಶ್ರದ್ಧೆಯಿಂದ ಕಲಿಯಬಯಸುವವರಿಗೆ ಈ ಮಾತುಗಳು.

ಡಬ್ಬ ತೆರೆದ ಕೂಡಲೇ ಫಿಲಂನ ಅಂಚನ್ನು ಓದಬೇಕು. ಅಂಚಿನಲ್ಲಿ 'ನೈಟ್ರೇಟ್' ಎಂದಿದ್ದರೆ, ಅಥವಾ ಬಹಳ ಹಳೆಯ ಫಿಲಂನಲ್ಲಿ 'ಸೇಫ್ಟಿ' (ಸುಲಭವಾಗಿ ಬೆಂಕಿ ಹಿಡಿಯದ ಫಿಲಂ) ಎಂಬ ಮುದ್ರೆಯೇ ಕಾಣದಿದ್ದರೆ, ಅದನ್ನು ಓಡಿಸುವ ಯೋಚನೆಯನ್ನು ಅಲ್ಲಿಗೇ ಬಿಡಬೇಕು. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲಂ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಹೊರಬಿಡುವುದರಿಂದ ನೀರು, ಮರಳು ಯಾವುದರಿಂದಲೂ ಆ ಬೆಂಕಿ ಆರುವುದಿಲ್ಲ. ಅಂಥದು ಸಿಕ್ಕರೆ ಬೀಡಿ, ದೀಪ, ಬಿಸಿಲುಗಳಿಂದ ದೂರವಿಟ್ಟು, 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸುವುದು ಸರಿಯಾದ ದಾರಿ.

ಆಮೇಲೆ ವಾಸನೆ ನೋಡಬೇಕು. ಸೇಫ್ಟಿ ಫಿಲಂನ ಒಂದು ಬಗೆಯಾದ ಅಸಿಟೇಟ್ ಫಿಲಂ ಕೆಡಲು ಆರಂಭಿಸಿದಾಗ ಅಸಿಟಿಕ್ ಆಮ್ಲ ಹೊರಬಂದು ಡಬ್ಬವೆಲ್ಲ ವಿನೆಗರ್ ವಾಸನೆ ಹೊಡೆಯುತ್ತದೆ; ಈ ಕೇಡು ಪಕ್ಕದ ಡಬ್ಬಗಳಿಗೂ ಹರಡುವುದರಿಂದ ಅಂಥ ರೀಲನ್ನು ತಕ್ಷಣ ಬೇರ್ಪಡಿಸಬೇಕು. ಕೆಟ್ಟ ಅಸಿಟೇಟ್ ಕುಗ್ಗುತ್ತದೆ ಕೂಡ. ಹೊಸ ಫಿಲಂ ತುಂಡೊಂದನ್ನು ಅದರ ಪಕ್ಕದಲ್ಲಿ ಚಾಚಿಟ್ಟು ಅಂಚಿನ 100 ರಂಧ್ರಗಳನ್ನು ಎಣಿಸಿದಾಗ ಒಂದು ರಂಧ್ರದಷ್ಟು ಅಂತರ ಕಂಡರೆ ಶೇಕಡ 1ರಷ್ಟು ಕುಗ್ಗಿದೆ ಎಂದರ್ಥ. ಅಂಥ ಪ್ರಿಂಟಿನ ರಂಧ್ರಗಳು ಫಿಲಂ ಎಳೆಯುವ ಚಕ್ರವಾದ ಸ್ಪ್ರಾಕೆಟ್‌ನ ಹಲ್ಲುಗಳಿಗೆ ಹೊಂದದೆ ಹರಿಯುತ್ತವೆ. ಯಾರು ಎಷ್ಟೇ ಒತ್ತಾಯಿಸಿದರೂ ಅದನ್ನು ಓಡಿಸಬಾರದು.

ಪರೀಕ್ಷೆಯ ಮುಖ್ಯ ಕೆಲಸ ನಡೆಯುವುದು ಫಿಲಂ ಸುತ್ತುವ ರಿವೈಂಡರ್ ಮೇಜಿನ ಮೇಲೆ. ತೆಳುವಾದ ಹತ್ತಿಯ ಕೈಗವಸು ತೊಟ್ಟು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಫಿಲಂನ ಎರಡು ಅಂಚುಗಳನ್ನು ಮಾತ್ರ ಹಗುರವಾಗಿ ಹಿಡಿದು, ಬಲಗೈಯಲ್ಲಿ ಹಿಡಿಕೆಯನ್ನು ನಿಧಾನವಾಗಿ ತಿರುಗಿಸಬೇಕು. ಹರಿದ ರಂಧ್ರ ಬಂದಾಗ ಕೈಗವಸಿನ ನೂಲು ಸಿಕ್ಕಿಕೊಳ್ಳುತ್ತದೆ, ಹಳೆಯ ಜೋಡಣೆ ಬಂದಾಗ ಬೆರಳಿಗೆ ದಪ್ಪ ತಾಗುತ್ತದೆ. ತಾಗಿದಲ್ಲೆಲ್ಲ ನಿಲ್ಲಿಸಿ ನೋಡಬೇಕು. ಸಡಿಲವಾಗಿ ಸುತ್ತಿದ ರೀಲಿನ ತುದಿಯನ್ನು ಜಗ್ಗಿ ಬಿಗಿಮಾಡುವ ಅಭ್ಯಾಸ ಹಲವರಿಗಿದೆ. ಸುತ್ತುಗಳ ನಡುವಿನ ದೂಳು ಆಗ ಫಿಲಂ ಮೇಲೆ ಉದ್ದುದ್ದ ಗೀಚುತ್ತದೆ, ತೆರೆಯ ಮೇಲೆ ಮಳೆ ಸುರಿದಂತೆ ಕಾಣುವ ಗೆರೆಗಳಿಗೆ ಇದೂ ಒಂದು ಕಾರಣ. ಬಯಲುಸೀಮೆಯ ಬೇಸಿಗೆಯಲ್ಲಿ ದೂಳೇ ದೊಡ್ಡ ಶತ್ರುವಾದ್ದರಿಂದ ಕ್ಯಾಬಿನ್ ನೆಲವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಜೋಡಿಸುವ ಮೊದಲು ಫಿಲಂ ಯಾವ ವಸ್ತುವಿನದೆಂದು ತಿಳಿದಿರಬೇಕು. ಸುತ್ತಿದ ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದರೆ ಪಾಲಿಯೆಸ್ಟರ್, ಹಾಯದಿದ್ದರೆ ಅಸಿಟೇಟ್. ಅಸಿಟೇಟಿಗೆ ಫಿಲಂ ಸಿಮೆಂಟ್ ಎಂಬ ಅಂಟು ಹಿಡಿಯುತ್ತದೆ. ಪಾಲಿಯೆಸ್ಟರಿಗೆ ಅದು ಹಿಡಿಯದ ಕಾರಣ ಸ್ಪ್ಲೈಸಿಂಗ್ ಟೇಪನ್ನೇ ಬಳಸಬೇಕು. ಒಂದು ಫ್ರೇಮಿಗೆ (ಒಂದು ಬಿಡಿ ಚಿತ್ರಕ್ಕೆ) ನಾಲ್ಕು ರಂಧ್ರಗಳಿರುವುದರಿಂದ ಎರಡು ಫ್ರೇಮ್‌ಗಳ ನಡುವಿನ ಗೆರೆಯ ಮೇಲೆಯೇ ಕತ್ತರಿಸಿ ಕೂಡಿಸಬೇಕು, ಇಲ್ಲವಾದರೆ ಆ ಜೋಡಣೆ ದಾಟಿದೊಡನೆ ಚಿತ್ರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಪಾಲಿಯೆಸ್ಟರ್ ಸುಲಭವಾಗಿ ಹರಿಯುವುದಿಲ್ಲವೆಂಬುದು ಅನುಕೂಲವೆನಿಸಿದರೂ, ಅದು ಸಿಕ್ಕಿಕೊಂಡರೆ ಫಿಲಂ ಬದಲು ಯಂತ್ರವೇ ಮುರಿಯುವ ಅಪಾಯವಿದೆ.

ಯಂತ್ರಕ್ಕೆ ಫಿಲಂ ಹಾಕುವಾಗ ಚಿತ್ರ ತಲೆಕೆಳಗಾಗಿರಬೇಕು ಮತ್ತು ಚಿತ್ರ ಮೂಡಿರುವ ಮಂಕಾದ ಎಮಲ್ಷನ್ ಬದಿ ದೀಪದ ಕಡೆಗಿರಬೇಕು. ಸ್ಪ್ರಾಕೆಟ್‌ಗಳು ಎಡೆಬಿಡದೆ ತಿರುಗುತ್ತಿದ್ದರೆ ದೀಪದ ಮುಂದೆ ಫಿಲಂ ಹಾಯುವ ಗೇಟಿನಲ್ಲಿ ಅದು ಸೆಕೆಂಡಿಗೆ 24 ಬಾರಿ ನಿಂತು ಹೊರಡುತ್ತದೆ; ಈ ಎರಡು ಚಲನೆಗಳ ನಡುವಿನ ಜಗ್ಗಾಟವನ್ನು ತಡೆದುಕೊಳ್ಳುವುದು ಗೇಟಿನ ಮೇಲೆ ಮತ್ತು ಕೆಳಗೆ ಸಡಿಲವಾಗಿ ಬಿಡುವ ಫಿಲಂನ ಬಾಗು, ಅಂದರೆ ಲೂಪ್. ಧ್ವನಿಯನ್ನು ಓದುವ ಜಾಗ ಗೇಟಿನಿಂದ ಸುಮಾರು 20 ಫ್ರೇಮ್ ಕೆಳಗಿರುವುದರಿಂದ ಕೆಳಗಿನ ಲೂಪ್ ಅಳತೆ ಮೀರಿ ದೊಡ್ಡದಾದರೆ ತುಟಿ ಅಲ್ಲಾಡಿದ ಮೇಲೆ ಮಾತು ಕೇಳಿಸುತ್ತದೆ. ಮೋಟಾರ್ ಹಾಕುವ ಮೊದಲು ಕೈಯಿಂದಲೇ ಯಂತ್ರವನ್ನು ಒಂದೆರಡು ಸುತ್ತು ತಿರುಗಿಸಿ, ಲೂಪ್ ಎಲ್ಲಿಯೂ ಉಜ್ಜುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದನ್ನು ಎಂದೂ ತಪ್ಪಿಸಬಾರದು. ಗೇಟಿನಲ್ಲಿ ಗಟ್ಟಿಯಾಗಿ ಅಂಟಿದ ಎಮಲ್ಷನ್ನನ್ನು ಉಕ್ಕಿನ ಸಾಧನದಿಂದ ಕೆರೆದರೆ ಗೇಟಿಗೆ ಗೀರು ಬಿದ್ದು ಮುಂದೆ ಓಡುವ ಪ್ರತಿಯೊಂದು ಪ್ರಿಂಟೂ ಗೀಚಿಹೋಗುತ್ತದೆ. ಮರದ ಕಡ್ಡಿ ಸಾಕು.

1000 ಅಡಿಯ ರೀಲು ಸುಮಾರು 11 ನಿಮಿಷ ಓಡುತ್ತದೆ. ಎರಡು ಯಂತ್ರಗಳಿದ್ದಲ್ಲಿ, ರೀಲು ಮುಗಿಯುವ ಮುನ್ನ ತೆರೆಯ ಬಲ ಮೇಲ್ಮೂಲೆಯಲ್ಲಿ ಕಾಣುವ ಮೊದಲ ಗುರುತಿಗೆ ಎರಡನೆಯ ಯಂತ್ರದ ಮೋಟಾರ್ ಹಾಕಿ, ಏಳು ಸೆಕೆಂಡಿನಷ್ಟು ತಡವಾಗಿ ಬರುವ ಎರಡನೆಯ ಗುರುತಿಗೆ ಬೆಳಕನ್ನು ಬದಲಿಸಬೇಕು.

ಕರೆಂಟ್ ಹೋದಾಗ, ಫಿಲಂ ಹರಿದಾಗ, ಅಥವಾ ಯಾವ ಕಾರಣಕ್ಕಾದರೂ ಫಿಲಂ ನಿಂತಾಗ ಮೊದಲು ಮಾಡಬೇಕಾದುದು ದೀಪಕ್ಕೆ ಅಡ್ಡವಿರುವ ಮುಚ್ಚಳವನ್ನು ಹಾಕುವುದು, ಏಕೆಂದರೆ ನಿಂತ ಸೇಫ್ಟಿ ಫಿಲಂ ಕೂಡ ಆ ಶಾಖಕ್ಕೆ ಕ್ಷಣದಲ್ಲಿ ಕರಗುತ್ತದೆ. ಕಾರ್ಬನ್ ಕಡ್ಡಿಯ ದೀಪವನ್ನು ಬರಿಗಣ್ಣಿನಿಂದ ನೋಡಬಾರದು, ಅದರ ಹೊಗೆ ಹೊರಹೋಗುವ ಕೊಳವೆ ತೆರೆದಿರಬೇಕು. ಕ್ಸೆನಾನ್ ದೀಪದೊಳಗಿನ ಅನಿಲ ತಣ್ಣಗಿರುವಾಗಲೂ ಹೆಚ್ಚಿನ ಒತ್ತಡದಲ್ಲಿರುತ್ತದೆ. ಮುಖಕವಚ ಮತ್ತು ದಪ್ಪ ಕೈಗವಸು ಇಲ್ಲದೆ ಅದನ್ನು ಬಿಚ್ಚುವುದು ಜೀವಕ್ಕೇ ಅಪಾಯ.

ಪ್ರದರ್ಶನ ಮುಗಿದ ಮೇಲೆ ರೀಲುಗಳನ್ನು ತಗಡಿನ ಮಾಡಿನ ಕೆಳಗಿನ ಕ್ಯಾಬಿನ್ನಿನಲ್ಲಿ ಬಿಡದೆ, ಕಟ್ಟಡದ ಅತ್ಯಂತ ತಂಪಾದ, ಒಣಗಿದ ಕೋಣೆಯಲ್ಲಿ ತುಕ್ಕಿಲ್ಲದ ಡಬ್ಬಗಳಲ್ಲಿ ಮಲಗಿಸಿಡಬೇಕು. ಪ್ರತಿ ಡಬ್ಬದ ಮೇಲೂ ಒಂದು ಚೀಟಿ ಅಂಟಿಸಿ, ಓಡಿಸಿದ ದಿನ, ಹಾಕಿದ ಜೋಡಣೆಗಳು, ರಂಧ್ರಗಳು ಹರಿದ ಜಾಗ, ವಾಸನೆ ಇದೆಯೋ ಇಲ್ಲವೋ ಎಂಬುದನ್ನು ಬರೆದಿಟ್ಟರೆ ಮುಂದಿನ ಆಪರೇಟರ್ ಆ ರೀಲನ್ನು ಎಲ್ಲಿ ನಿಲ್ಲಿಸಿ ನೋಡಬೇಕೆಂದು ಮೊದಲೇ ತಿಳಿದುಕೊಳ್ಳುತ್ತಾರೆ.